ಹನ್ನೆರಡನೇ ಬಿಲ್ಲೆ

ಶಹಾಪುರ
18 ಜನವರಿ 2026, ರವಿವಾರ

ಪ್ರೀತಿಯ ದಾನವ್ವಾ,

ನಿನ್ನ ಕೆಮ್ಮು ಹೇಗಿದೆ? ಫೋನಿನಲ್ಲಿ ನೀನು “ಆರಾಮ ಇದ್ದೀನಪಾ” ಎನ್ನುವುದನ್ನು ನಾನು ನಂಬುವುದಿಲ್ಲ. ಅಷ್ಟು ಹೇಳುವುದರೊಳಗೆ ಎರಡು ಸಲ ಕೆಮ್ಮಿದ್ದು ನನಗೆ ಕೇಳಿಸಿದೆ. ಉತ್ತರ ಭಾರತದ ಚಳಿ ನಮ್ಮ ಕಡೆಯ ಚಳಿಯಂತಲ್ಲ, ಕಿವಿ ಮುಚ್ಚಿಕೊಂಡು ಓಡಾಡು. ನಿಮ್ಮವ್ವ ಅಜವಾನ ಹುರಿದು ಪುಡಿ ಮಾಡುತ್ತಿದ್ದಾಳೆ, ಅದು ಶೇಂಗಾ ಹೋಳಿಗೆಯ ಜೊತೆ ಬೇರೆ ಪಾರ್ಸಲ್ಲಿನಲ್ಲಿ ಬರುತ್ತದೆ. ನಾವಿಬ್ಬರೂ ಗಟ್ಟಿಯಾಗಿಯೇ ಇದ್ದೇವೆ. ಆಕೆಯ ಮೊಣಕಾಲು ನೋವು ಡಾಕ್ಟರ ಮುಂದೆ ಕೂತಾಗ ಜೋರಾಗುತ್ತದೆ, ಮದುವೆ ಮನೆಗೆ ಹೊರಟಾಗ ಇರುವುದೇ ಇಲ್ಲ. ನನ್ನ ಬಿ.ಪಿ. ಗುಳಿಗೆ ತಪ್ಪಿಲ್ಲ. ಈ ವಾರ ನಿದ್ದೆ ಸ್ವಲ್ಪ ಕಡಿಮೆ, ಅದಕ್ಕೆ ಕಾರಣ ಬೇರೆ.

ಕೈಯಲ್ಲಿ ಫೋನಿದ್ದೂ ಈ ಮನುಷ್ಯ ಕಾಗದ ಯಾಕೆ ಬರೆದ ಎಂದು ನಗಬೇಡ. ವಾರದಲ್ಲಿ ಮೂರು ಸಲ ಫೋನು ಮಾಡಿದೆ. ಮೂರೂ ಸಲ ಹೇಳಬೇಕಾದ್ದನ್ನು ಬಿಟ್ಟು, ಏನು ಪಲ್ಯ ಮಾಡಿಕೊಂಡೆ ಎಂದು ಕೇಳಿ ಇಟ್ಟುಬಿಟ್ಟೆ. ನೀನು ಕಲಬುರಗಿಯ ಹಾಸ್ಟೆಲ್ಲಿನಲ್ಲಿದ್ದಾಗ ಪ್ರತಿ ರವಿವಾರ ಬರೆಯುತ್ತಿದ್ದೆನಲ್ಲ, ಕಾಗದದ ಮಡಿಕೆಯೊಳಗೆ ಒಂದು ಚಿಟಿಕೆ ವಿಭೂತಿಯ ಪೊಟ್ಟಣ ಇಟ್ಟು. ಪರೀಕ್ಷೆಯ ದಿನ ಅದನ್ನೇ ಹಚ್ಚಿಕೊಂಡು ಹೋಗುತ್ತಿದ್ದೆ ಎಂದು ನೀನೇ ಹೇಳಿದ್ದೆ. ಈ ಸಲವೂ ಪೊಟ್ಟಣ ಇಟ್ಟಿದ್ದೇನೆ. ಆದರೆ ಕಾಗದ ಪೂರ್ತಿ ಓದುವವರೆಗೆ ಬಿಚ್ಚಬೇಡ. ಯಾಕೆಂದು ಕೊನೆಯಲ್ಲಿ ಬರೆಯುತ್ತೇನೆ.

ಎಳ್ಳಮಾಸಿ ಹಬ್ಬಕ್ಕೆ ದೋರನಹಳ್ಳಿಗೆ ಹೋಗಿದ್ದೆವು. ನಿನ್ನ ಸೋದರಮಾವನ ಹೊಲದಲ್ಲಿ ಕೂತು ಭಜ್ಜಿ, ಸಜ್ಜಿ ಕಡಬು ಹೊಟ್ಟೆ ಬಿರಿಯುವಷ್ಟು ತಿಂದೆವು. ಈ ವರ್ಷ ತೊಗರಿ ಚೆನ್ನಾಗಿ ಬಂದಿದೆ. ಭಜ್ಜಿಗೆ ಉಪ್ಪು ಕಡಿಮೆ ಎಂದು ನಾನು ಅಂದದ್ದೇ ತಡ, ನಿಮ್ಮವ್ವ ಎಲ್ಲರೆದುರು “ತಡೀರಿ, ಉಪ್ಪು ಹಾಕಾಕ ಚಿಮಟ ತರ್ತೀನಿ” ಎಂದು ನಗೆಪಾಟಲು ಮಾಡಿದಳು. ನಿವೃತ್ತಿಯಾಗಿ ಎಂಟು ವರ್ಷವಾಯಿತು, ಪ್ರಯೋಗಾಲಯದಲ್ಲಿ ತೂಕ ಎತ್ತುತ್ತಿದ್ದ ಆ ಚಿಮಟ ಅಂಗಿಯ ಜೇಬಿನಲ್ಲಿ ಇನ್ನೂ ಇದೆ. ಅಭ್ಯಾಸ ಬಿಡುವುದಿಲ್ಲ.

ಇಲ್ಲಿ ಕಟಿಂಗ್ ಅಂಗಡಿಯಲ್ಲಿ ನಿನ್ನ ಕೆಲಸದ ಬಗ್ಗೆ ಕೇಳದವರಿಲ್ಲ. ನನಗೆ ತಿಳಿದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ದೊಡ್ಡ ಯಂತ್ರವೊಂದು ಪ್ರೋಟಾನುಗಳನ್ನು ಓಡಿಸಿ ಓಡಿಸಿ ವೇಗ ಕೊಡುತ್ತದೆ. ಆಮೇಲೆ ಅವನ್ನೆಲ್ಲ ಒಂದು ಕಿರಣ ಮಾಡಿ ಒಂದು ಲೋಹದ ಮೇಲೆ ಬಿಡುತ್ತಾರೆ. ಹೊಡೆತ ಬಿದ್ದ ಲೋಹದಿಂದ ನ್ಯೂಟ್ರಾನುಗಳು ಚಿಮ್ಮುತ್ತವೆ, ಅವು ವಿಜ್ಞಾನಿಗಳಿಗೆ ಬೇಕು. ಆದರೆ ಒಂದೊಂದು ಹೊಡೆತಕ್ಕೂ ಕಣ್ಣು ಮಿಟುಕಿಸುವುದರೊಳಗೆ ಆ ಜಾಗ ನೂರಾರು ಡಿಗ್ರಿ ಕಾದು, ಮುಂದಿನ ಹೊಡೆತದೊಳಗೆ ಆರುತ್ತದೆ. ಕಾದ ರೊಟ್ಟಿ ಹಂಚಿನ ಮೇಲೆ ತಣ್ಣೀರು ಸುರಿದಂತೆ, ದಿನವಿಡೀ, ತಿಂಗಳುಗಟ್ಟಲೆ. ಯಂತ್ರದ ಶಕ್ತಿ ಹೆಚ್ಚಿದಷ್ಟೂ ಹಳೆಯ ಲೋಹ ತಾಳುವುದಿಲ್ಲ. ಯಾವುದು ಎಷ್ಟು ತಾಳುತ್ತದೆ ಎಂದು ಮೊದಲೇ ಹೊಡೆದು ನೋಡುವವಳು ನಮ್ಮ ದಾನೇಶ್ವರಿ. ಇಷ್ಟು ಹೇಳಿದಾಗ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದ ಒಬ್ಬರು, “ಹಂಗಾದ್ರ ನಿಮ್ಮ ಮಗಳು ಏಟು ತಿನ್ನಾಕ ಗಟ್ಟಿ ಯಾವುದು ಅಂತ ಹುಡುಕಾಕತ್ಯಾಳ ಅನ್ರಿ” ಎಂದರು. ನಾನು ಇಷ್ಟುದ್ದ ಹೇಳಿದ್ದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು, ನನಗೆ ಸಿಟ್ಟೇ ಬಂತು.

ಅಂಥ ಕೆಲಸದ ಒಂದು ತುಣುಕು ನಮ್ಮ ಜಿಲ್ಲೆಗೆ ಬರಲಿ ಎಂದು ನೀನು ಎಷ್ಟು ಬಡಿದಾಡಿದೆ ಎಂಬುದು ನನಗೆ ಗೊತ್ತು. ನಮ್ಮ ಕಡೆಯ ಹುಡುಗ ಅರುಣಕುಮಾರ ಕಡೇಚೂರಿನಲ್ಲಿ ಆ ಪುಟ್ಟ ಕಾರ್ಖಾನೆ ಹಾಕಿದಾಗ ಆರು ಮಂದಿಯ ಜಾಗದಲ್ಲಿ ಪಂಪಿನ ಬಿಡಿಭಾಗ ತಿರುವುವುದು ಬಿಟ್ಟು ಏನು ಮಾಡಿಯಾನು ಎಂದು ನಾನೇ ನಕ್ಕಿದ್ದೆ. ನೀನು ಬಿಡಲಿಲ್ಲ. ಟಂಗ್‌ಸ್ಟನ್ ಬಿಲ್ಲೆಗಳನ್ನು ಉಜ್ಜಿ, ಕನ್ನಡಿಯಂತೆ ನುಣುಪು ಮಾಡಿ, ತೊಳೆದು ಕೊಡುವ ಕೆಲಸ ಅವನಿಗೂ ಒಮ್ಮೆ ಕೊಟ್ಟು ನೋಡಿ ಎಂದು ನಿಮ್ಮ ಕೇಂದ್ರದ ದೊಡ್ಡವರ ಮುಂದೆ ನಿಂತು ವಾದ ಮಾಡಿದೆ. ಉಜ್ಜುವುದು ಮಷೀನು, ತೊಳೆಯುವುದು ಕೈ. ಆ ಕೈ ಯಾರದ್ದಿರಬೇಕು ಎಂದು ಅರುಣಕುಮಾರ ಕೇಳಿದಾಗ ಹಜರಾಬೀಯ ಹೆಸರು ಹೇಳಿದವನು ನಾನು. ಸುರಪುರದ ಹೈಸ್ಕೂಲಿನಲ್ಲಿ ನಿನಗಿಂತ ಎರಡು ವರ್ಷ ಮುಂದಿದ್ದಳಲ್ಲ, ಯಾದಗಿರಿಗೆ ಕೊಟ್ಟ ಹುಡುಗಿ, ಅವಳೇ. ನಾನು ಪ್ರಯೋಗಾಲಯದ ಅಟೆಂಡರಾಗಿದ್ದ ಮೂವತ್ತೊಂದು ವರ್ಷದಲ್ಲಿ ತಕ್ಕಡಿಯ ತೂಕಗಳಿಗೆ ಒಮ್ಮೆಯೂ ಬರಿಗೈ ತಗಲಿಸದ ವಿದ್ಯಾರ್ಥಿ ಅವಳೊಬ್ಬಳೇ. ನೀನೂ ತಗಲಿಸಿದ್ದೆ, ನೆನಪಿದೆಯೇ? ಎಂಟನೇ ತರಗತಿಯಲ್ಲಿ. ಆ ಐವತ್ತು ಗ್ರಾಮಿನ ಹಿತ್ತಾಳೆ ತೂಕವನ್ನು ಬೆರಳಿನಲ್ಲಿ ಎತ್ತಿದೆ ಎಂದು ಎಲ್ಲ ಮಕ್ಕಳ ಎದುರು ನಿನ್ನ ಕೈ ಮೇಲೆ ಹೊಡೆದಿದ್ದೆ. ಬೆರಳಿನ ಬೆವರಿಗೂ ತೂಕವಿದೆ, ಕಣ್ಣಿಗೆ ಕಾಣದ್ದನ್ನು ತಕ್ಕಡಿ ಕಾಣುತ್ತದೆ ಎಂದು ಭಾಷಣ ಬೇರೆ ಮಾಡಿದ್ದೆ. ನೀನು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದೆ. ಆಮೇಲೆ ಎಷ್ಟೋ ವರ್ಷಕ್ಕೆ ನಿನ್ನ ಪಿಎಚ್.ಡಿ. ಪುಸ್ತಕ ಬಂತು. ಅದರ ಮೊದಲ ಪುಟದಲ್ಲಿ, “ತೂಕವನ್ನು ಚಿಮಟದಿಂದಲೇ ಎತ್ತಬೇಕೆಂದು ಕಲಿಸಿದ ನನ್ನ ತಂದೆಗೆ” ಎಂದು ಬರೆದಿದ್ದೆ. ಆ ಪುಟದ ಝರಾಕ್ಸ್ ಮಾಡಿಸಿ ದೇವರ ಕೋಣೆಯ ಬಾಗಿಲ ಮೇಲೆ ಹಾಕಿದ್ದೇನೆ. ಈ ವಾರ ಅದನ್ನು ನೋಡದೆ ಒಳಗೆ ಹೋಗುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ.

ದಸರೆಗೆ ನೀನು ಬಂದದ್ದು ಎರಡೇ ದಿನ. ಕಡೇಚೂರಿನಿಂದ ಹನ್ನೆರಡು ಬಿಲ್ಲೆಗಳ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡೇ ಬಂದೆ. ಒಂದೊಂದು ಬಿಲ್ಲೆಗೂ ತಿರುಪಿನ ಮುಚ್ಚಳದ ಒಂದೊಂದು ಡಬ್ಬಿ, ಡಬ್ಬಿಯ ಮೇಲೆ ನಂಬರು, ಜೊತೆಗೆ ತೊಳೆದವರ ಸಹಿಯಿದ್ದ ಚೀಟಿ. ಬಿಲ್ಲೆಯ ಅಗಲ ಎರಡು ಇಂಚು, ತೂಕ ನೂರು ಗ್ರಾಮಿಗೂ ಹೆಚ್ಚು ಎಂದು ಹೇಳಿದಾಗ ನಾನು ನಂಬದೆ ಪೆಟ್ಟಿಗೆಯನ್ನೇ ಎತ್ತಿ ನೋಡಿ, ಹೌದು ಹೌದು ಅಂದೆ. “ಇವನ್ನ ಇನ್ನ ಯಾರೂ ತೊಳ್ಯಂಗಿಲ್ಲಪ್ಪಾ, ಹಜರಾಬೀ ತೊಳದದ್ದೇ ಕಡೀದು. ಸೀದಾ ಕಿರಣದ ಮುಂದ ಇಡ್ತೀವಿ. ಅವಳ ಕೈಗೂ ಇದು ಪರೀಕ್ಷಾನೇ” ಎಂದು ನೀನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಆ ಮಾತು ನನಗೆ ಮರೆತುಹೋಗಿತ್ತು ಎಂದು ನಾನು ಯಾರ ಮುಂದೆಯೂ ಹೇಳುವ ಹಾಗಿಲ್ಲ. ಅದೇ ಸಂಜೆ ಊಟಕ್ಕೆ ಕೂತಾಗ ಆ ಯಂತ್ರದ ವಿಕಿರಣದ ವಿಷಯ ಬಂತು. ಗೋಡೆ ಎಷ್ಟು ದಪ್ಪ, ಅಂಗಿಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜು ಏನನ್ನು ಅಳೆಯುತ್ತದೆ, ಎಲ್ಲ ನೀನು ನಗುನಗುತ್ತಾ ಹೇಳಿದೆ. ನಿಮ್ಮವ್ವ ನಕ್ಕಳು. ನಾನೂ ನಕ್ಕೆ. ಮರುದಿನ ಖಂಡೇನವಮಿಯ ಆಯುಧಪೂಜೆ, ಅದರ ಮರುದಿನ ಬನ್ನಿ ಕೊಟ್ಟು ಕಾಲು ಮುಟ್ಟಿ ಹೊರಟೆ.

ಈಗ ಜನವರಿ. ಒಂಬತ್ತನೇ ತಾರೀಖು ನೀನು ಕಳಿಸಿದ ಫೋಟೊ ನನ್ನ ಮುಂದಿದೆ, ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ತಂದಿದ್ದೇನೆ. ಹನ್ನೊಂದು ಬಿಲ್ಲೆಗಳು ಹೊಡೆತ ತಾಳಿವೆ. ಹನ್ನೆರಡನೆಯದರ ಮೇಲೆ ಮೂರು ಗೆರೆಗಳು, ಒಂದರ ಕೆಳಗೆ ಒಂದು. ಗೆರೆಗಳ ಗುಂಟ ಸಣ್ಣ ಸಣ್ಣ ಕುಳಿ ಬಿದ್ದು, ನಡುವಿನ ಗೆರೆಯಿಂದ ಬಿರುಕು ಎದ್ದಿದೆ. ಆ ಕುಳಿಗಳಲ್ಲಿ ಕ್ಯಾಲ್ಸಿಯಂ, ಪೊಟ್ಯಾಸಿಯಂ ಸಿಕ್ಕಿದೆ ಎಂದು ಬರೆದಿದ್ದೀ. ಅರುಣಕುಮಾರ ಲೆಕ್ಕ ಹಾಕಿದ್ದೂ ಸುಳುವಾಗಿಯೇ ಇದೆ. ಹನ್ನೆರಡನೆಯದು ಕೊನೆಯ ಬಿಲ್ಲೆ, ಹೊತ್ತು ಇಳಿದಿತ್ತು, ಹಜರಾಬೀಗೆ ಸೈದಾಪುರದಿಂದ ಐದೂವರೆಯ ಗಾಡಿ ಹಿಡಿಯಬೇಕಿತ್ತು. ಗಡಿಬಿಡಿಯಲ್ಲಿ ಬಟ್ಟಿ ಇಳಿಸಿದ ನೀರಿನ ಬದಲು ಬೋರಿನ ನೀರು ಸುರಿದು, ಒದ್ದೆ ಬಟ್ಟೆಯಿಂದ ಎಳೆದು ಒರೆಸಿದ್ದಾಳೆ, ಆ ಬಟ್ಟೆಯ ಮಡಿಕೆಯದ್ದೇ ಮೂರು ಗೆರೆ. ನೀನೂ ಒಪ್ಪಿದ್ದೀ. ಒಪ್ಪುವಂಥದ್ದೇ. ನಮ್ಮ ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಎಂದು ನಮ್ಮ ಮನೆಯ ಹಂಡೆಯನ್ನು ಕೇಳಿದರೆ ಹೇಳುತ್ತದೆ. ಆದರೆ ದಾನವ್ವಾ, ಅಷ್ಟೊಂದು ಪೊಟ್ಯಾಸಿಯಂ ಯಾವ ಬೋರಿನಲ್ಲಿ ಬರುತ್ತದೆ ಎಂದು ನೀನಾದರೂ ಒಮ್ಮೆ ಕೇಳಬೇಕಿತ್ತು.

ಅರುಣಕುಮಾರನನ್ನು ಬೈಯುವುದಿಲ್ಲ. ಮೂವತ್ತನೇ ತಾರೀಖಿನ ಸಭೆಯಲ್ಲಿ ಈ ಕೆಲಸ ಅವನಿಗೆ ಉಳಿಯುತ್ತದೋ ಇಲ್ಲವೋ ಗೊತ್ತಾಗುತ್ತದೆ, ಅವನ ತಲೆ ಕೆಟ್ಟಿದೆ. ತೊಳೆಯುವ ಮೇಜಿನಿಂದ ಹಜರಾಬೀಯನ್ನು ತೆಗೆದಿದ್ದಾನೆ, ಸಭೆ ಮುಗಿಯುವ ತನಕ ಬರಬೇಡ ಎಂದಿದ್ದಾನೆ. ಸಭೆ ಕೆಟ್ಟರೆ ಆಮೇಲೂ ಕರೆಯುವುದಿಲ್ಲ ಎಂಬುದು ಅವಳಿಗೂ ಗೊತ್ತು. ನಿನ್ನ ವರದಿಯ ಜೊತೆ ಆ ಚೀಟಿಯೂ ಹೋಗುತ್ತದಂತೆ, “ತೊಳೆದವರು: ಹಜರಾಬೀ” ಎಂದು ಅವಳೇ ಸಹಿ ಮಾಡಿದ ಚೀಟಿ.

ಶುಕ್ರವಾರ ಅವಳು ನಮ್ಮ ಮನೆಗೆ ಬಂದಿದ್ದಳು, ಯಾದಗಿರಿಯಿಂದ ಬಸ್ಸಿನಲ್ಲಿ. ಸಂಕ್ರಮಣದ ಮರುದಿನವಾದ್ದರಿಂದ ನಿಮ್ಮವ್ವ ಕುಸುರೆಳ್ಳು ತಂದು ಅವಳ ಕೈಗೆ ಹಾಕಿ, “ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣವ್ವಾ” ಎಂದಳು. ಹಜರಾಬೀ ಕುಸುರೆಳ್ಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಖಾಲಿಯಾದ ಎರಡೂ ಅಂಗೈಗಳನ್ನು ನನ್ನ ಮುಂದೆ ಹಿಡಿದಳು. “ಸರ್, ನನ್ನ ಕೈ ನೀವು ನೋಡೀರಿ. ಅವತ್ತು ಹನ್ನೆರಡನೇದ್ದು ಎರಡು ಸಲ ತೊಳದೀನ್ರಿ. ಬೆಳಕಿಗಿ ಹಿಡದ್ರ ಒಂದು ಕಲಿ ಕಂಡಂಗಾಯ್ತು, ಮತ್ತೊಮ್ಮಿ ತೊಳದ್ನಿ. ಅದರ ಸಲುವಾಗೇ ಗಾಡಿ ತಪ್ಪಿತ್ರಿ, ಸೈದಾಪುರ ಟೇಶನ್‌ದಾಗ ಎರಡು ತಾಸು ಕುಂತಿದ್ನಿ. ಈಗ ನೋಡಿದ್ರ, ಗಾಡಿ ಹಿಡಿಯಾಕ ಗಡಿಬಿಡಿ ಮಾಡ್ಯಾಳ ಅಂತ ನನಗೇ ಅನ್ನಾಕತ್ಯಾರ. ನನ್ನ ಕೈಯಾಗ ಎಲ್ಲಿ ತಪ್ಪಾಗ್ಯಾದ, ನೀವರ ಹೇಳ್ರಿ” ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ಸಮಾಧಾನ ಹೇಳಿ ಕಳಿಸುತ್ತಿದ್ದೆ. ಅವಳು ಪ್ರಯೋಗ ಕೂಡದಿದ್ದಾಗ ಹೈಸ್ಕೂಲಿನಲ್ಲಿ ನನ್ನ ಮೇಜಿನ ಹತ್ತಿರ ಬಂದು ಕೇಳುತ್ತಿದ್ದ ಹಾಗೆಯೇ ಕೇಳಿದಳು, ಸರ್‌ಗೆ ಗೊತ್ತಿರುತ್ತದೆ ಎಂಬ ನಂಬಿಕೆಯಿಂದ.

ಸರ್‌ಗೆ ಗೊತ್ತಿತ್ತು. ಸರ್ ಏನು ಹೇಳಿದರು ಗೊತ್ತೇ? ಬಟ್ಟಿ ಇಳಿಸಿದ ನೀರನ್ನು ಗಾಜಿನ ಬಾಟಲಿಯಲ್ಲಿ ಇಡಬೇಕೋ ಪ್ಲಾಸ್ಟಿಕ್ಕಿನಲ್ಲೋ ಎಂಬುದರ ಬಗ್ಗೆ ಅರ್ಧ ತಾಸು ಮಾತಾಡಿದರು. ಅವಳು ತಲೆಯಾಡಿಸುತ್ತಾ ಕೇಳಿದಳು. ಚಹಾ ಕುಡಿದು ಲೋಟ ತೊಳೆಯಲು ಎದ್ದಳು, ನಿಮ್ಮವ್ವ ಬಿಡಲಿಲ್ಲ. ಬಸ್‌ಸ್ಟ್ಯಾಂಡಿನ ತನಕ ಕಳಿಸಿ ಬಂದೆ. ದಾರಿಯಲ್ಲಿ ಅವಳು ನಿನ್ನ ಕೆಮ್ಮಿನ ಬಗ್ಗೆ ಕೇಳಿದಳು. ಬಸ್ಸು ಹೋದ ಮೇಲೆ ಅಲ್ಲಿಯೇ ಕಟ್ಟೆಯ ಮೇಲೆ ಕೂತೆ, ಎದುರಿಗೆ ಮಲಗಿದ ಬುದ್ಧನ ಗುಡ್ಡ. ನನ್ನ ಬಗ್ಗೆ ನನಗೇ ಅಷ್ಟು ಅಸಹ್ಯ ಎಂದೂ ಆಗಿರಲಿಲ್ಲ.

ಈಗ ನಿನಗೆ ಹೇಳುವುದಿಷ್ಟು. ಮೂವತ್ತನೆಯ ತಾರೀಖಿಗೆ ಇನ್ನೂ ಹನ್ನೆರಡು ದಿನವಿದೆ. ವರದಿಗೆ ಸಹಿ ಹಾಕುವ ಅವಸರ ಮಾಡಬೇಡ. ಹನ್ನೊಂದು ಒಳ್ಳೆಯದಾಗಿ ಒಂದೇ ಕೆಟ್ಟರೆ, ಆ ಒಂದರ ಕಥೆ ಬೇರೆಯೇ ಇರಬಹುದು. ಕಾರ್ಖಾನೆಯಿಂದ ನಿಮ್ಮ ಕೇಂದ್ರದವರೆಗಿನ ದಾರಿಯನ್ನೂ ಒಮ್ಮೆ ವಿಚಾರಿಸಬೇಕು. ನೀನು ಜಾಣೆ, ನಾನು ಇಷ್ಟು ಹೇಳಿದರೆ ಸಾಕು.

ರಾತ್ರಿ ಬಿಸಿನೀರು ಕುಡಿದು ಮಲಗು. ನಿನ್ನ ಜೊತೆ ಕೋಣೆಯಲ್ಲಿರುವ ಹುಡುಗಿಗೂ ನಮ್ಮ ಆಶೀರ್ವಾದ ತಿಳಿಸು. ನಿಮ್ಮವ್ವ, ಅಂದರೆ ಶ್ರೀಮತಿ ಶಾಂತಾದೇವಿಯವರು, ಶಾವಿಗೆ ಮಷೀನಿನ ಹಿಡಿಕೆ ತಿರುವುತ್ತಲೇ ನಿನ್ನ ತಲೆಯ ಮೇಲೆ ಕೈ ಇಟ್ಟಿದ್ದಾರೆ. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ
ಬಸವಂತ್ರಾಯ

ತಾ.ಕ.: ಸಹಿ ಹಾಕಿ ಮಡಚಿಬಿಟ್ಟೆ. ಪೊಟ್ಟಣದ ವಿಷಯ ಕೊನೆಯಲ್ಲಿ ಬರೆಯುತ್ತೇನೆ ಎಂದವನು ಬರೆಯಲೇ ಇಲ್ಲ. ಲಕೋಟೆಗೆ ಅಂಟು ಹಚ್ಚುವಾಗ ನಿಮ್ಮವ್ವ “ಎಲ್ಲಾ ಬರದ್ರೇನು?” ಎಂದಳು, ಸುಮ್ಮನೆ ಕೇಳಿದ್ದು. ಅಂಟು ಪಕ್ಕಕ್ಕಿಟ್ಟೆ. ಅವಳಿಗೆ ಹೇಳಿದೆ. ಈಗ ನಿನಗೆ ಹೇಳುತ್ತೇನೆ.

ಆ ಮೂರು ಗೆರೆ ನನ್ನವು. ಖಂಡೇನವಮಿಯ ಮುಂಜಾನೆ ನೀನು ಸ್ನಾನಕ್ಕೆ ಹೋಗಿದ್ದೆ. ತಕ್ಕಡಿಗೆ, ಚಿಮಟಕ್ಕೆ, ಶಾವಿಗೆ ಮಷೀನಿಗೆ ವಿಭೂತಿ ಹಚ್ಚಿದ ಕೈಯಲ್ಲೇ ನಿನ್ನ ಪೆಟ್ಟಿಗೆ ತೆಗೆದೆ. ಮೇಲಿದ್ದದ್ದು ಹನ್ನೆರಡನೇ ಡಬ್ಬಿ. ವಿಭೂತಿ ಗಟ್ಟಿಯ ಮೇಲೆ ಒದ್ದೆ ಬೆರಳು ತೇಯ್ದು ಬಿಲ್ಲೆಯ ಮೇಲೆ ಮೂರು ಗೆರೆ ಎಳೆದೆ. ಹನ್ನೊಂದನೆಯದಕ್ಕೆ ಕೈ ಹಾಕಿದಾಗ ನಾನೇನು ಮಾಡುತ್ತಿದ್ದೇನೆಂದು ಹೊಳೆಯಿತು. ಧೋತರದ ಚುಂಗಿನಿಂದ ಒರೆಸಿದೆ, ಬೆಳಕಿಗೆ ಹಿಡಿದು ನೋಡಿದೆ, ಏನೂ ಕಾಣಲಿಲ್ಲ, ಮುಚ್ಚಳ ತಿರುವಿ ಇಟ್ಟುಬಿಟ್ಟೆ. ನಿನಗೆ ಹೇಳಲಿಲ್ಲ. ಬಾಗಿಲ ಮೇಲಿನ ಆ ಪುಟ ಸುಳ್ಳಾಗುತ್ತದಲ್ಲ ಎಂದು ನಾಚಿಕೆಯಾಯಿತು. ಪೂಜೆ ಆ ಲೋಹಕ್ಕೆ ಮಾಡಿದ್ದಲ್ಲ ಮಗಳೇ. ಆ ಯಂತ್ರದ ಹತ್ತಿರ ನಿನ್ನ ಹಣೆಗೆ ಹಚ್ಚಲು ನಾನಿರುವುದಿಲ್ಲ, ಆ ಬಿಲ್ಲೆಯಾದರೂ ನಿನ್ನ ಹತ್ತಿರ ಇರುತ್ತದೆ ಎಂದುಕೊಂಡೆ. ಹೆದರಿದ್ದೆ. ಆ ಹೆದರಿಕೆಯ ಏಟು ಈಗ ಹಜರಾಬೀಗೆ ಬಿದ್ದಿದೆ.

ನಾಳೆ ಮುಂಜಾನೆ ಏಳರ ಬಸ್ಸಿಗೆ ಯಾದಗಿರಿಗೆ, ಅವಳ ಮನೆಗೆ ಹೋಗುತ್ತೇನೆ. ಅಲ್ಲಿಂದ ಅವಳನ್ನು ಕರೆದುಕೊಂಡು ಅರುಣಕುಮಾರನ ಹತ್ತಿರ. “ನೀವು ಮತ್ತ ನೀರಿನ ಬಾಟಲಿ ಬಗ್ಗೆ ಮಾತಾಡಿ ಬಂದೀರಿ” ಎಂದು ನಿಮ್ಮವ್ವನೂ ಜೊತೆಗೆ ಹೊರಟಿದ್ದಾಳೆ. ನಡೆದದ್ದನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿ ಇದರ ಜೊತೆ ಇಟ್ಟಿದ್ದೇನೆ, ಸಭೆಯಲ್ಲಿ ಓದು. ಅಪ್ಪನ ಹೆಸರು ಮುಚ್ಚಬೇಡ, ಹಜರಾಬೀಯ ಚೀಟಿಯ ಜೊತೆಗೇ ಇಡು.

ಪೊಟ್ಟಣದಲ್ಲಿರುವುದು ಅದೇ ಗಟ್ಟಿಯ ವಿಭೂತಿ, ಸಗಣಿ ಸುಟ್ಟ ಬೂದಿ, ಪೊಟ್ಯಾಸಿಯಂ ಬಂದದ್ದು ಅದರಿಂದಲೇ. ಕೈ ತಗಲಿಸಿಲ್ಲ, ಚಿಮಟದಿಂದ ಎತ್ತಿ ಕಟ್ಟಿದ್ದೇನೆ. ಆ ಕುಳಿಗಳಲ್ಲಿ ಸಿಕ್ಕಿದ್ದರ ಜೊತೆ ಹೋಲಿಸಿ ನೋಡು. ಈ ಸಲ ಹಣೆಗೆ ಹಚ್ಚಿಕೊಳ್ಳಬೇಡ.